ಇಳಿದ ಕೊಲೆಸ್ಟ್ರಾಲ್

ಗಂಡನ ಕೊಲೆಸ್ಟ್ರಾಲ್ ಇಳಿಸಲೇಬೇಕೆಂದು ಅವಳು ಹಟ ತೊಟ್ಟಿದ್ದಳು. ಮೊದಲ ಸಲ ರಿಪೋರ್ಟಿನಲ್ಲಿ ಕೆಂಪು ಅಕ್ಷರ ಕಂಡ ದಿನವೇ ಮನೆಯಿಂದ ಬೆಣ್ಣೆ ಹೊರಬಿತ್ತು, ಮೊಟ್ಟೆ ಹೊರಬಿತ್ತು, ಎಣ್ಣೆ ಸೀಸೆ ಬೀರು ಸೇರಿ ಬೀಗ ಹಾಕಿಸಿಕೊಂಡಿತು. ಗಂಡನ ತಟ್ಟೆಗೆ ಬೇಯಿಸಿದ ಸಪ್ಪೆ ತರಕಾರಿ, ಒಣ ಬ್ರೆಡ್ಡು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬೀದಿ ಸುತ್ತಿಸುವುದು. ಬೀದಿಯ ಹೆಂಗಸರು ಬೆನ್ನ ಹಿಂದೆ ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಗಂಡ ಸೋಫಾ ಕುಶನ್ ಕೆಲಸದವನು. ಹರಿದ ಸೋಫಾದ ಬಟ್ಟೆ ಕಿತ್ತು, ಒಳಗಿನ ಕೊಳೆತ ನಾರು, ಸ್ಪಂಜು ತೆಗೆದು, ಹೊಸ ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು ಅವನ ಕಸುಬು. ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು, ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಅಲ್ಲಿಂದ ಬೆರಳಿಗೆ ತೆಗೆದುಕೊಂಡು ಹೊಡೆಯುತ್ತಿದ್ದ. ಹಾಗಾಗಿ ಅಂಗಡಿಯಲ್ಲಿ ಅವನಿಗೆ ಮಾತಾಡಲು ಬಾಯಿ ಇರುತ್ತಿರಲಿಲ್ಲ. ಮನೆಯಲ್ಲಿ ಮೊಳೆ ಇಲ್ಲದಿದ್ದರೂ ಇರುತ್ತಿರಲಿಲ್ಲ.

ಯಾರದೋ ಮನೆಯ ಹಳೆ ಸೋಫಾ ಬಿಚ್ಚುವಾಗ ತುಕ್ಕು ಹಿಡಿದ ಮೊಳೆಯೊಂದು ಅವನ ಹೆಬ್ಬೆರಳಿನ ಉಗುರಿನ ಸಂದಿಗೆ ನುಗ್ಗಿತು. ಬೆರಳು ಚೀಪಿ, ಉಗುಳಿ, ಚಿಂದಿ ಸುತ್ತಿಕೊಂಡು ಕೆಲಸ ಮುಂದುವರಿಸಿದ. ಬರಬರುತ್ತಾ ಬೆರಳು ಬಾತು ನೀಲಿಗಟ್ಟಿತು. ಜೊತೆಗೆ ಕೆಲಸ ಮಾಡುತ್ತಿದ್ದ ತಮ್ಮ ಚಿಂದಿ ಬಿಚ್ಚಿ ನೋಡಿ ಮುಖ ಸಿಂಡರಿಸಿದ.

"ಅಣ್ಣ, ಕೀವಾಗಿದೆ. ನಡಿ, ಆಸ್ಪತ್ರೆಗೆ ಹೋಗೋಣ."

"ಸುಮ್ನಿರೋ. ನಿಮ್ಮ ಅತ್ತಿಗೆಗೆ ಗೊತ್ತಾದ್ರೆ, ವಾಕಿಂಗ್ ತಪ್ಪಿಸ್ಕೊಳ್ಳೋಕೆ ನಾಟಕ ಅಂತಾಳೆ."

ಅದೇನು ಸುಳ್ಳಲ್ಲ. ಮೊದಲು ಮಂಡಿ ನೋವು ಎಂದಾಗಲೂ ಹಾಗೇ ಅಂದಿದ್ದಳು.

ರಕ್ತ ಪರೀಕ್ಷೆಯ ದಿನ ಬಂತು. ಹಿಂದಿನ ದಿನದಿಂದಲೇ ಅವನಿಗೆ ಊಟ ಸೇರಿರಲಿಲ್ಲ. ಹೇಳದೆ ಕೇಳದೆ ಉಪವಾಸ ಮಾಡುತ್ತಿದ್ದಾರೆ, ಅಂತೂ ಬುದ್ಧಿ ಬಂತು ಎಂದು ಅವಳಿಗೆ ಹೆಮ್ಮೆ. ರಕ್ತ ತೆಗೆಯಲು ಬಂದ ಲ್ಯಾಬಿನವನು ತೋಳು ಹಿಡಿದು, "ಮೈ ಬಿಸಿ ಇದೆಯಲ್ಲ" ಎಂದ. "ಈಗ ತಾನೇ ನಡೆದು ಬಂದಿದಾರೆ" ಎಂದಳು. ಮಾತು ಅಲ್ಲಿಗೇ ಮುಗಿಯಿತು.

ರಿಪೋರ್ಟು ಬಂದಾಗ ಅವಳು ಅಡುಗೆಮನೆಯಲ್ಲಿ ನಿಂತೇ ಓದಿದಳು. ಕೊಲೆಸ್ಟ್ರಾಲ್ ಅರ್ಧಕ್ಕರ್ಧ ಇಳಿದಿತ್ತು. ಕಣ್ಣಲ್ಲಿ ನೀರು ಬಂತು. ಅವಳಿಗೆ ಗಂಡನ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಪ್ರೀತಿ ಇತ್ತು. ಗೆಲ್ಲುವ ಆಸೆ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು, ಅಷ್ಟೇ. ಕೂಡಲೇ ವಾಕಿಂಗ್ ಗುಂಪಿನ ಹೆಂಗಸರಿಗೆಲ್ಲ ಫೋನು ಮಾಡಿ ಸಂಜೆ ಟೀಗೆ ಕರೆದಳು.

ಗಂಡ ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತಿದ್ದ.

"ಚಳಿ ತಡೆಯೋಕಾಗ್ತಿಲ್ಲ ಕಣೇ. ಒಂದ್ಸಲ ಆಸ್ಪತ್ರೆಗೆ ಹೋಗಿ ಬರ್ತೀನಿ."

"ಅಷ್ಟು ಕೊಬ್ಬು ಕರಗಿದೆ, ಚಳಿ ಆಗ್ದೆ ಇನ್ನೇನಾಗುತ್ತೆ ರೀ? ಮೈಮೇಲಿನ ಸ್ವೆಟರ್ ತೆಗೆದ ಹಾಗೆ ಅದು."

ಅಷ್ಟರಲ್ಲಿ ಮೈದುನ ಅಂಗಡಿಯ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ. "ಅತ್ತಿಗೆ, ನಾನು ಕರ್ಕೊಂಡು ಹೋಗ್ತೀನಿ. ಬೆರಳು ನೋಡಿದ್ರಾ?"

ನೋಡಿದಳು. ಬಿಸಿನೀರಿಗೆ ಉಪ್ಪು ಹಾಕಿ ಅದ್ದಿಸಿದಳು. ಇವತ್ತು ಆಸ್ಪತ್ರೆಗೆ ಹೋದರೆ ಬೀದಿಯವರು ಏನನ್ನುತ್ತಾರೆಂದು ಅವಳಿಗೆ ಗೊತ್ತು: ಗಂಡನಿಗೆ ಹೊಟ್ಟೆಗೆ ಹಾಕದೆ ಹಾಸಿಗೆ ಹಿಡಿಸಿದಳು ಅನ್ನುತ್ತಾರೆ. "ಎಲ್ರೂ ಬರ್ತಿದಾರೆ. ನಾಳೆ ನೋಡೋಣ ಬಿಡಪ್ಪ" ಎಂದಳು. ಮೈದುನ ಅಣ್ಣನ ಮುಖ ನೋಡಿದ. ಅಣ್ಣ ಕಣ್ಣು ಮುಚ್ಚಿಕೊಂಡ. ಒಪ್ಪಿಸಬೇಕಾದ ಸೋಫಾ ವ್ಯಾನಿನಲ್ಲೇ ಇತ್ತು. ತಮ್ಮ ಗೊಣಗಿಕೊಂಡು ಹೊರಟುಹೋದ.

ಸಂಜೆ ಅವನನ್ನು ಎಬ್ಬಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಹೆಂಗಸರ ನಡುವೆ ಕುರ್ಚಿಯಲ್ಲಿ ಕೂರಿಸಿದಳು. ರಿಪೋರ್ಟು ಕೈಯಿಂದ ಕೈಗೆ ಹೋಯಿತು. "ಎಷ್ಟು ಇಳಿದುಹೋಗಿದಾರೆ" ಎಂದು ಪಕ್ಕದ ಮನೆಯಾಕೆ ಲೊಚಗುಟ್ಟಿದ್ದನ್ನೂ ಅವಳು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಳು.

ಆಗ ಅವನು ಒಂದು ವಿಚಿತ್ರ ಕೆಲಸ ಶುರುಮಾಡಿದ. ನಾಲಿಗೆಯ ತುದಿ ತುಟಿಗೆ ತಂದು, ಬಾತ ಕೈಯನ್ನು ಬಾಯಿಗೆ ಒಯ್ದು, ಅಲ್ಲಿಲ್ಲದ ಮೊಳೆ ತೆಗೆದು, ಕುರ್ಚಿಯ ಕೈಗೆ ಇಟ್ಟು, ಇಲ್ಲದ ಸುತ್ತಿಗೆಯಿಂದ ಹೊಡೆದ. ಮತ್ತೆ ಇನ್ನೊಂದು. ಅವನಿಗೆ ಯಾವ ಹೆಂಗಸೂ ಕಾಣುತ್ತಿರಲಿಲ್ಲ. ಅವರು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಒಬ್ಬಳು ಕಿಸಕ್ಕೆಂದಳು, ಉಳಿದವರೂ ನಕ್ಕರು. "ಮನೇಗೆ ಬಂದ್ರೂ ಅಂಗಡಿ ಬಿಡಲ್ಲ ಇವರು" ಎಂದು ಅವಳೂ ನಕ್ಕಳು. ಅವನು ಅವರ ನಗುವಿನ ನಡುವೆ ಮೊಳೆ ಹೊಡೆಯುತ್ತಲೇ ಇದ್ದ.

ಮರುದಿನ ಬೆಳಗ್ಗೆ ಬೆರಳಿನಿಂದ ಕಂಕುಳಿನವರೆಗೆ ಕೆಂಪು ಗೆರೆ ಎದ್ದಿತ್ತು. ಕರೆದರೆ ಓಗೊಡುವುದಕ್ಕೂ ಹೊತ್ತಾಗುತ್ತಿತ್ತು. ಮೈದುನ ಬಂದವನು ಯಾರನ್ನೂ ಕೇಳಲಿಲ್ಲ. ಅಣ್ಣನನ್ನು ಹೆಗಲಿಗೆ ಹಾಕಿಕೊಂಡು ವ್ಯಾನಿನ ಹಿಂದೆ ಸ್ಪಂಜಿನ ಹಾಳೆಗಳ ಮೇಲೆ ಮಲಗಿಸಿದ. ಅವಳು ಓಡಿಬಂದು ಹತ್ತಿದಳು. ರಿಪೋರ್ಟು ಮರೆಯದೆ ತಂದಿದ್ದಳು.

ಆಸ್ಪತ್ರೆಯ ವೈದ್ಯೆ ವಯಸ್ಸಿನಲ್ಲಿ ಚಿಕ್ಕವಳು. ನಳಿಕೆಗಳನ್ನು ಚುಚ್ಚಿ, ಔಷಧ ಹರಿಯಲು ಬಿಟ್ಟು, ರಿಪೋರ್ಟು ಕೈಗೆತ್ತಿಕೊಂಡಳು.

"ನೋಡಿ ಡಾಕ್ಟ್ರೇ, ಕೊಲೆಸ್ಟ್ರಾಲ್ ಎಷ್ಟು ಚೆನ್ನಾಗಿ ಇಳಿದಿದೆ. ಪಥ್ಯದಲ್ಲಿ ಒಂದಿನಾನೂ ತಪ್ಪಿಸಿಲ್ಲ ನಾನು."

"ಇದು ಪಥ್ಯದಿಂದ ಇಳಿದಿದ್ದಲ್ಲಮ್ಮ" ಎಂದಳು ವೈದ್ಯೆ. "ರಕ್ತದಲ್ಲಿ ಕೊಬ್ಬನ್ನ ಹೊತ್ಕೊಂಡು ಓಡಾಡೋ ಕಣಗಳಿರ್ತವೆ, ಎಲ್‌ಡಿಎಲ್, ಎಚ್‌ಡಿಎಲ್ ಅಂತ ಇದರಲ್ಲೇ ಬರೆದಿದೆ ನೋಡಿ. ಸೋಂಕಾದಾಗ ಬ್ಯಾಕ್ಟೀರಿಯಾದ ವಿಷವನ್ನೂ ಅವೇ ಅಂಟಿಸ್ಕೊಂಡು ಲಿವರಿಗೆ ಸಾಗಿಸ್ತವೆ. ಸೋಂಕು ಜೋರಾದ್ರೆ ಅವು ಖರ್ಚಾಗಿಹೋಗ್ತವೆ, ಹೊಸದು ಹುಟ್ಟೋದೂ ಕಮ್ಮಿ ಆಗುತ್ತೆ. ಆಗ ಹಿಡಿಯೋರಿಲ್ಲದ ವಿಷ ಬಿಳಿ ರಕ್ತಕಣಗಳನ್ನ ಕೆರಳಿಸುತ್ತೆ. ಅವು ಹುಚ್ಚೆದ್ದು ರೋಗಿಯ ಮೈಯನ್ನೇ ಸುಡ್ತವೆ. ಈಗ ಇವರಿಗೆ ಆಗ್ತಿರೋದು ಅದೇ."

ಅವಳು ರಿಪೋರ್ಟು ವಾಪಸ್ಸು ತೆಗೆದುಕೊಂಡಳು. "ಹಾಗಾದ್ರೆ ನಾನು ಬೆಣ್ಣೆ ಕೊಟ್ಟಿದ್ರೆ..."

"ಬೆಣ್ಣೆಗೂ ಇದಕ್ಕೂ ಸಂಬಂಧ ಇಲ್ಲ. ಬೇಕಾಗಿದ್ದಿದ್ದು ಔಷಧ, ಬೇಗ. ಚಳಿ ಯಾವತ್ತು ಶುರುವಾಯ್ತು?"

ಅವಳು ಮೈದುನನ ಕಡೆ ನೋಡಲಿಲ್ಲ. "ಇವತ್ತು ಬೆಳಗ್ಗೆ" ಎಂದಳು. "ನೋಡಿದ ತಕ್ಷಣ ಕರ್ಕೊಂಡು ಬಂದ್ವಿ."

ವೈದ್ಯೆಗೆ ಅನುಮಾನ ಬಂದಿರಬೇಕು. ಹಾಸಿಗೆಯ ಮೇಲೆ ಬಗ್ಗಿ, ಗಟ್ಟಿಯಾಗಿ ರೋಗಿಯನ್ನೇ ಕೇಳಿದಳು. "ಇವರು ಹೇಳ್ತಿರೋದು ನಿಜಾನಾ? ಇವತ್ತೇ ಶುರುವಾಗಿದ್ದಾ?"

ಅವನು ಕಣ್ಣು ತೆರೆದ. ಆ ಹೊತ್ತಿಗೆ ಅವನಿಗೆ ಗುರುತು ಸಿಗುತ್ತಿತ್ತು. ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದ. ಬಾಯಿ ಬಿಟ್ಟು ಒಂದು ನಿಜ ಹೇಳುವ ಅವಕಾಶ ಜೀವಮಾನದಲ್ಲಿ ಅದೊಂದೇ ಉಳಿದಿತ್ತು.

"ಹೌದು" ಎಂದ.

ಮಧ್ಯಾಹ್ನದ ಹೊತ್ತಿಗೆ ರಕ್ತದೊತ್ತಡ ನೆಲ ಕಚ್ಚಿತು. ಸಂಜೆ ಜೀವ ಹೋಯಿತು.

ವೈದ್ಯೆ ಹೊರಗೆ ಬಂದು ಬೆಂಚಿನಲ್ಲಿ ಅವಳ ಪಕ್ಕವೇ ಕೂತಳು. ದಣಿದಿದ್ದಳು. "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲಮ್ಮ" ಎಂದು ಬೆನ್ನು ಸವರಿದಳು. "ಚಳಿ ಬಂದ ದಿನವೇ ಕರ್ಕೊಂಡು ಬಂದಿದೀರ. ಚಳಿ ಬಂದ್ರೂ ಮನೇಲಿಟ್ಟುಕೊಂಡು ಕೊಲ್ಲೋ ಜನಾನೂ ನೋಡಿದೀನಿ ನಾನು. ನೀವು ಮಾಡೋದೆಲ್ಲ ಮಾಡಿದೀರ."

ಮೈದುನ ಎದುರಿಗೇ ನಿಂತಿದ್ದ. ಅವನು ಬಾಯಿ ಬಿಡಲಿ, ತನ್ನ ಕಪಾಳಕ್ಕೆ ಹೊಡೆಯಲಿ ಎಂದು ಅವಳು ಕಾದಳು. ಅವನು ಅವಳನ್ನು ನೋಡಲೂ ಇಲ್ಲ. ಹೆಣ ಎಷ್ಟು ಹೊತ್ತಿಗೆ ಕೊಡುತ್ತಾರೆ ಎಂದು ವೈದ್ಯೆಯನ್ನು ಕೇಳಿ, ವ್ಯಾನು ತರಲು ಕೆಳಗೆ ಹೋದ.