ಮುಚ್ಚಿದ ಗಣಿಯ ಬೆಚ್ಚನೆ ನೀರು

ಚಳಿಗಾಲ ಬಂತೆಂದರೆ ಸೆಲ್ವಿನ್ ಮತ್ತು ಎನಿಡ್ ದಂಪತಿಯ ಸಂಸಾರವೆಲ್ಲ ಅಡುಗೆಮನೆಗೆ ಬಂದುಬಿಡುತ್ತಿತ್ತು. ಅಲ್ಲೇ ಕುರ್ಚಿ, ಅಲ್ಲೇ ರೇಡಿಯೊ, ಅಲ್ಲೇ ಊಟ. ಮುಂದಿನ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿತ್ತು. ಮನೆಯೆಲ್ಲ ಕಾಯಿಸೋಣವೆಂದರೆ ಗ್ಯಾಸಿನ ಬಿಲ್ಲಿಗೆ ಹೆದರಿಕೆ. ಎನಿಡ್‌ಗೋ ಎದೆಯ ಕಾಯಿಲೆ. ಮನೆ ಬೆಚ್ಚಗಾಗದಿದ್ದರೆ ಬೇರೆ ಕಡೆ ಮನೆ ನೋಡಿಕೊಳ್ಳಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಈ ಬೀದಿ ಬಿಡುವ ಮಾತೆತ್ತಿದರೆ ಸೆಲ್ವಿನ್‌ಗೆ ಜೀವವೇ ಹೋದಂತಾಗುತ್ತಿತ್ತು.

ಕಾಲ್ಡರ್‌ಬರೋ ನಗರದ ಆ ಇಟ್ಟಿಗೆ ಮನೆಗಳ ಸಾಲು ಕಲ್ಲಿದ್ದಲು ಗಣಿಯವರಿಗೆಂದೇ ಕಟ್ಟಿದ್ದು. ಸೆಲ್ವಿನ್ ಇಪ್ಪತ್ತೆರಡು ವರ್ಷ ಆ ಗಣಿಗೆ ಇಳಿದವನು. ಗಣಿ ಮುಚ್ಚಿ ಎಷ್ಟು ಕಾಲವಾದರೂ ಬೀದಿಯವರು ಯಾವುದಕ್ಕೂ ಅವನ ಮುಖ ನೋಡುತ್ತಿದ್ದರು. ಅವನು ಬೇಡವೆಂದರೆ ಬೀದಿಯೇ ಬೇಡವೆನ್ನುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ನಸ್ರೀನ್ ಬಾಗಿಲು ತಟ್ಟಿದಳು. ಮೂಲೆಯ ಅಂಗಡಿಯವರ ಮಗಳು, ಈಗ ನಗರಸಭೆಯಲ್ಲಿ ಕೆಲಸ.

"ಸೆಲ್ವಿನ್ ಅವರೇ, ನಗರಕ್ಕೆಲ್ಲ ಒಂದೇ ಕಡೆಯಿಂದ ಬಿಸಿನೀರಿನ ಕೊಳವೆ ಹಾಕ್ತೀವಿ. ಮನೆಮನೆಗೂ ಶಾಖ. ಹೊಗೆಯೂ ತೀರಾ ಕಮ್ಮಿ. ಕಟ್ಟೋಕೆ ಖಾಸಗಿಯವರನ್ನ ಪಾಲುದಾರರಾಗಿ ಕರೆದಿದೀವಿ."

ಸೆಲ್ವಿನ್ ಗೊಳ್ಳೆಂದು ನಕ್ಕ. "ಮದುವೆಯಾದ ಹೊಸದರಲ್ಲಿ ಹನ್ನೆರಡನೇ ಮಹಡೀಲಿದ್ವಿ ಕಣಮ್ಮ. ಕಟ್ಟಡಕ್ಕೆಲ್ಲ ಒಂದೇ ಬಾಯ್ಲರು. ಕಮ್ಮಿ ಮಾಡೋಕೆ ಒಂದು ತಿರುಪೂ ಇಲ್ಲ. ಜನವರೀಲಿ ಕಿಟಕಿ ತೆಗೆದು ಬನೀನಲ್ಲಿ ಕೂತ್ಕೋತಿದ್ವಿ. ಮತ್ತೆ ಅದೇನಾ?"

"ಅದಲ್ಲ. ಈಗ ಕೋಣೆಗೊಂದು ತಿರುಪು, ಮನೆಗೊಂದು ಮೀಟರು."

"ಖಾಸಗಿಯವರು ಅರ್ಧಕ್ಕೆ ಕೈಬಿಟ್ಟು ಓಡಿದ್ರೆ?"

"ನಗರದ್ದೂ ಪಾಲಿರುತ್ತೆ. ರಿಪೇರಿ ಯಾರದು, ದರ ಹೇಗೆ, ಎಲ್ಲಾ ಕರಾರಿನಲ್ಲಿ ಬರುತ್ತೆ. ಆದ್ರೆ ಎಷ್ಟು ಮನೆ ಸೇರ್ತವೆ ಅಂತ ಗೊತ್ತಾಗದೆ ಅವರು ಮುಂದೆ ಬರಲ್ಲ. ಈ ಬೀದಿ ಒಪ್ಪದಿದ್ರೆ ಕೊಳವೆ ಆಚೆ ರಸ್ತೇಲಿ ಹೋಗುತ್ತೆ."

ಎನಿಡ್ ಕೆಮ್ಮುತ್ತಲೇ ಕೇಳಿದಳು. "ಅಷ್ಟೊಂದು ಬಿಸಿ ಎಲ್ಲಿಂದ ತರ್ತೀಯೇ ಹುಡುಗಿ?"

"ನಿಮ್ಮ ಗಣಿಯಿಂದಲೇ! ಮುಚ್ಚಿದ ಮೇಲೆ ಒಳಗೆಲ್ಲ ನೀರು ತುಂಬಿದೆ. ಭೂಮಿ ಅದನ್ನ ಬೆಚ್ಚಗಿಟ್ಟಿದೆ. ನೀರು ಮೇಲೆತ್ತಿ, ಶಾಖ ತೆಗೆದು, ವಾಪಸ್ ಬಿಡೋದು. ಫ್ರಿಜ್ಜಿನ ಹಿಂಬದಿ ಬಿಸಿಯಾಗುತ್ತಲ್ಲ, ಅಂಥದ್ದೇ ಒಂದು ದೊಡ್ಡ ಯಂತ್ರ ಆ ಶಾಖವನ್ನ ಇನ್ನೂ ಏರಿಸುತ್ತೆ."

ಸೆಲ್ವಿನ್ ಅವಳ ಕೈಯಲ್ಲಿದ್ದ ಗಣಿಯ ನಕ್ಷೆ ಇಸಕೊಂಡು ಕನ್ನಡಕ ಹಾಕಿದ.

"ಬಾವಿ ಇಲ್ಲಿ ಕೊರೀತಾರಾ? ಯಾರು ಹೇಳಿದ ಬುದ್ಧಿ ಇದು? ಈ ಸುರಂಗಕ್ಕೆ ನಾವೇ ಕಲ್ಲು ತುಂಬಿದ್ವಿ. ನೀರು ಬರಲ್ಲ, ಮಣ್ಣು ಬರುತ್ತೆ!"

"ಹಾಗಾದ್ರೆ ಬುಧವಾರದ ಸಭೆಗೆ ಬಂದು ಆ ಖಾಸಗಿಯವರ ಮುಂದೇನೇ ಹೇಳಿ," ಎಂದಳು ನಸ್ರೀನ್.

ಬುಧವಾರ ಸಂಜೆ ಕಾರ್ಮಿಕರ ಕ್ಲಬ್ಬಿನಲ್ಲಿ ಸಭೆ. ಚಹಾ, ಮಾಂಸದ ಕಡುಬು, ಬೇಯಿಸಿದ ಬಟಾಣಿ. ಖಾಸಗಿ ಕಂಪನಿಯ ಎಂಜಿನಿಯರುಗಳು ಕೋಟು ತೊಟ್ಟು ಸಾಲಾಗಿ ಕೂತಿದ್ದರು. ಸೆಲ್ವಿನ್ ಎದ್ದು ನಿಂತು ಅವರ ನೀರಿಳಿಸಿದ. ಯಂತ್ರ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಬರುತ್ತೀರಿ? ದರ ಏರಿಸುವ ಮುಂಚೆ ಯಾರನ್ನು ಕೇಳುತ್ತೀರಿ? ಒಂದೊಂದಕ್ಕೂ ಉತ್ತರ ಬರೆಸಿಕೊಂಡ. ಆಮೇಲೆ ನಕ್ಷೆಯ ಮೇಲೆ ಬೆರಳಿಟ್ಟ. "ಇಲ್ಲಿ, ಚೆಂಡು ಉರುಳಿಸಿ ಆಡ್ತಿದ್ದ ಹಳೇ ಬೌಲಿಂಗ್ ಮೈದಾನದ ಹತ್ತಿರ ಕೊರೀರಿ. ಕೆಳಗಿನ ಹಾದಿ ತೆರೆದೇ ಇದೆ. ಬೇಸಿಗೆಯಂಥ ಸೆಕೆ ಅಲ್ಲಿ. ಅಂಗಿ ತೆಗೆದು ಕೆಲಸ ಮಾಡ್ತಿದ್ವಿ."

ಎಂಜಿನಿಯರುಗಳು ಮುಖಮುಖ ನೋಡಿಕೊಂಡರು. ಆದರೆ ಅಲ್ಲೇ ಕೊರೆದು ನೋಡಿದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನೀರು ಬಂತು. ಬೀದಿಗೆ ಬೀದಿಯೇ ಅಲ್ಲಿ ನೆರೆದಿತ್ತು. ಸೆಲ್ವಿನ್ ಕೈಗವಸು ಕಳಚಿ ಬರಿಗೈ ನೀರಿಗೊಡ್ಡಿದ. ಉಗುರುಬೆಚ್ಚಗೆ! ಗಣಿ ಮುಚ್ಚಿದ ದಿನ ಬಾರದಿದ್ದ ಕಣ್ಣೀರು ಅವತ್ತು ಬಂತು.

"ನಲವತ್ತು ವರ್ಷ ಇದನ್ನ ಸತ್ತಿದೆ ಅಂದ್ಕೊಂಡಿದ್ನಲ್ಲೇ ಎನಿಡ್," ಎಂದ.

"ಸರಿ, ಈಗಲಾದ್ರೂ ಸೇರ್ತೀವಿ ಅಂತ ಸಹಿ ಹಾಕೋ ಮಾರಾಯ," ಎಂದಳು ಅವಳು.

ಅವನು ಹಾಕಿದ. ಅವನ ಹಿಂದೆ ಬೀದಿಯವರೆಲ್ಲ ಸಾಲುಗಟ್ಟಿದರು.

ಕೊಳವೆ ಮನೆ ಮುಟ್ಟಲು ಇನ್ನೆರಡು ಚಳಿಗಾಲ ಹಿಡಿಯಿತು. ಆ ಎರಡನ್ನೂ ಎನಿಡ್ ಅಡುಗೆಮನೆಯಲ್ಲೇ ಹಲ್ಲುಕಚ್ಚಿ ಕಳೆದಳು. ಮೂರನೆಯದರಲ್ಲಿ ಕುರ್ಚಿ ಮುಂದಿನ ಕೋಣೆಗೆ ಹೋಯಿತು. ಹೊರಗೆ ಹಿಮ, ಒಳಗೆ ಎನಿಡ್ ಕೋಟು ಕಳಚಿ ಕೂತಿದ್ದಳು. ಸೆಲ್ವಿನ್‌ಗೆ ಸೆಕೆಯಾಯಿತು. ಅಭ್ಯಾಸಬಲದಿಂದ ಎದ್ದು ಕಿಟಕಿಯ ಚಿಲಕಕ್ಕೆ ಕೈ ಹಾಕಿದ.

"ಏಯ್, ಕಿಟಕಿ ಮುಟ್ಟಿದ್ರೆ ನೋಡು! ತಿರುಪು ತಿರುಗಿಸೋ," ಎಂದು ಎನಿಡ್ ಗದರಿದಳು. ಒಂದು ಸಲವೂ ಕೆಮ್ಮದೆ ಗದರಿದಳು.

ಅವನು ತಿರುಪು ಇಳಿಸಿದ. ಆಮೇಲೆ ಗಣಿಗೆ ಇಳಿಯುವಾಗ ಒಳಗೆ ಯಾರಿದ್ದಾರೆಂಬ ಗುರುತಿಗೆ ಕೊಡುತ್ತಿದ್ದ ತನ್ನ ಹಿತ್ತಾಳೆ ಬಿಲ್ಲೆ, ನಾನೂರ ಹದಿನೇಳನೇ ನಂಬರಿನದು, ಅದನ್ನು ಪೆಟ್ಟಿಗೆಯಿಂದ ತೆಗೆದು ಉಜ್ಜಿ, ಆ ತಿರುಪಿಗೇ ನೇತುಹಾಕಿದ. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾನೆ.

ಕಾಲ್ಡರ್‌ಬರೋದ ನೆರೆಹೊರೆಯವರೇ, ಉಳಿದ ಬಡಾವಣೆಗಳಿಗೂ ನಗರ ಈಗ ಪಾಲುದಾರರನ್ನು ಕರೆದಿದೆ. ನಿಮ್ಮ ಬೀದಿಯ ಸಭೆಗೆ ತಪ್ಪದೆ ಹೋಗಿ. ರಿಪೇರಿ ಯಾರದು, ದರ ಯಾರು ನಿಗದಿ ಮಾಡುತ್ತಾರೆ, ಕೋಣೆಗೊಂದು ತಿರುಪು ಉಂಟೋ ಎಂದು ಸೆಲ್ವಿನ್‌ನಂತೆ ಗಟ್ಟಿಯಾಗಿ ಕೇಳಿ. ಉತ್ತರ ಸರಿ ಕಂಡರೆ ಹೆಸರು ಬರೆಸಿ. ನಿಮ್ಮ ಅಜ್ಜಂದಿರು ತೋಡಿದ ಗಣಿಯಲ್ಲಿ ನಿಮ್ಮ ಪಾಲಿನ ಬಿಸಿ ಇನ್ನೂ ಇದೆ.