ಆಡಿನ ಮೂಲೆಯ ಮಣ್ಣು

“ಕೆರೀತಿದ್ಯೋ, ಗೋಡೆಗೆ ಕಚಗುಳಿ ಇಡ್ತಿದ್ಯೋ, ರಂಡೆ? ಬುಟ್ಟಿ ತಳವೇ ಮುಚ್ಚಲಿಲ್ಲ!”

ನಾಗಪತಿ ಹೆಗಡೆಯವರು ಪಾಳುಬಿದ್ದ ತಮ್ಮ ಹಳೇ ಕೊಟ್ಟಿಗೆಯ ಹೊರಗೆ ನಿಂತು ಕೂಗಿದರು. ಒಳಗೆ ಹೊನ್ನಿ ಕುಕ್ಕರಗಾಲಿನಲ್ಲಿ ಕೂತು, ಗೋಡೆಯ ಬುಡದ ಬಿಳಿ ಹುಡಿಯನ್ನು ಕರಟದ ಚೂರಿನಿಂದ ಕೆರೆಯುತ್ತಿದ್ದಳು. ದನದ ಉಚ್ಚೆ ವರ್ಷಾನುಗಟ್ಟಲೆ ಇಂಗಿದ ನೆಲದಲ್ಲಿ ಏಳುವ ಹುಡಿ ಅದು. ಆ ಮಣ್ಣನ್ನು ನೀರಿನಲ್ಲಿ ಬಸಿದು, ಬಸಿದದ್ದನ್ನು ಕಾಯಿಸಿ ಬತ್ತಿಸಿದರೆ ಪೆಟ್ಲುಪ್ಪು. ಅದಕ್ಕೆ ಗಂಧಕ, ಇದ್ದಿಲು ಸೇರಿಸಿ ಕುಟ್ಟಿದರೆ ತೋಪಿನ ಮದ್ದು. ಅರಸರ ಕಾಲದಲ್ಲಿ ಅವಳ ಗಂಡ ಮಾಸ್ತಿಯ ಹಿರಿಯರು ಇದನ್ನೇ ಮಾಡುತ್ತಿದ್ದರಂತೆ. ಈಗ ಊರ ಉತ್ಸವದಲ್ಲಿ ಹಳೇ ತೋಪನ್ನು ಹಳೇ ಕಾಲದ ಮದ್ದಿನಿಂದಲೇ ಹಾರಿಸಬೇಕೆಂದು ಸಮಿತಿ ಹೊರಟಿತ್ತು. ಹೆಗಡೆಯವರೇ ಅಧ್ಯಕ್ಷರು. ಎಲ್ಲದರ ಚಿತ್ರ ತೆಗೆಯಲು ಶಿರಸಿಯಿಂದ ದಿನಕರನೆಂಬ ಕ್ಯಾಮರಾದವನು ಬಂದಿದ್ದ.

“ಇಷ್ಟೇರಾ ಇರೂದು,” ಹೊನ್ನಿ ಅಂದಳು. “ಹೊಸ ಕೊಟ್ಟಿಗೆಗೆ ಸಿಮೆಂಟು ಬಡ್ಸೀರಿ. ಸಿಮೆಂಟು ಉಪ್ಪು ಹಡೀತದಾ?”

ದಿನಕರ ಕಿಸಕ್ಕನೆ ನಕ್ಕ. ಹೆಗಡೆಯವರು ನಗಲಿಲ್ಲ. “ನಾಲಿಗೆ ಕೊಯ್ದು ಹಾಕ್ತೆ ನೋಡು.”

ಆಗ ಬುಟ್ಟಿ ಹೊರಲು ಬಂದಿದ್ದ ಮಾಸ್ತಿ ಬಾಯಿಬಿಟ್ಟ. ಒಡೆಯರ ಮುಂದೆ ಇಲ್ಲ ಅನ್ನುವುದು ಅವನು ಕಲಿಯದ ವಿದ್ಯೆ. “ನಮ್ಮನೆ ಒಳಗೆ ಆಡು ಕಟ್ಟೂ ಮೂಲೆ ಅದ್ಯಲ್ರಾ ಒಡೆಯಾ, ಅಲ್ಲಿ ಮಣ್ಣು ನಾಲ್ಗಿಗಿಟ್ರೆ ಚುರ್ ಅಂತದೆ, ಆಮೇಲೆ ತಂಪು. ಅಂಥ ಮಣ್ಣು ಸೀಮೇಲಿಲ್ಲ.”

ನಾಲಿಗೆಯಿಂದ ಮಣ್ಣಿನ ಉಪ್ಪನ್ನು ಅಳೆಯುವುದು ಅವನ ಮನೆತನದ ಹೆಮ್ಮೆ. ಹೆಮ್ಮೆ ಮಾತಾಡಿಬಿಟ್ಟಿತ್ತು. ಹೊನ್ನಿಯ ಕೈಯ ಕರಟ ನಿಂತಿತು.

“ಅಲ್ಲಿ ಬ್ಯಾಡ.”

“ಎಂತಕ್ಕೆ ಬೇಡ? ಮನೆ ನಿಂತಿದ್ದು ಯಾರ ಜಾಗದಲ್ಲೇ?”

ಅದನ್ನು ಅವಳಿಗೆ ಯಾರೂ ನೆನಪಿಸಬೇಕಿರಲಿಲ್ಲ. ಸರ್ಕಾರದ ಮನೆ ಮಂಜೂರಾದಾಗ ಹೆಗಡೆಯವರು ಜಾಗ ಬಿಟ್ಟುಕೊಡಲಿಲ್ಲ. ಅದಕ್ಕೇ ಊರೆಲ್ಲ ಸಿಮೆಂಟಾದರೂ ಅವಳ ನೆಲ ಮಣ್ಣಾಗಿಯೇ ಉಳಿದದ್ದು.

“ಹೆಗಡೇರೆ, ತೋಪಿಗೆ ಪೂಜೆ ಇದ್ದಲಾ,” ದಿನಕರ ದನಿ ತಗ್ಗಿಸಿದ. “ಇವ್ರ ಮನೆ ಮಣ್ಣು ಅಡ್ಡಿಲ್ಯಾ?”

“ಕುದಿಸಿದ ಮೇಲೆ ಮೈಲಿಗೆ ಎಲ್ಲಿಂದ ಬಂತೋ ತಮಾ? ಬೆಂಕಿಲಿ ಎಲ್ಲಾ ಶುದ್ಧ.”

ಮನೆಗೆ ಹೋಗುವ ದಾರಿಯಲ್ಲಿ ಹೊನ್ನಿ ಗಂಡನ ತೋಳು ಹಿಡಿದು ಹಿಂದಕ್ಕೆಳೆದಳು. “ಥೂ, ನಿನ್ನ ಬಾಯಿಗೆ ಮಣ್ಣು ಬೀಳ! ಆ ಮೂಲೇಲಿ ಯಾರು ಮಲಗ್ಯಾರೆ ಅಂತ ಮರ್ತ್ಯಾ?”

ಮಾಸ್ತಿಯ ಮುಖ ಬೂದಿಯಾಯಿತು. “ಬಾಯಿಂದ ಬಿದ್ಹೋತೇ...”

“ಹೋಗಿ ಹೇಳು.”

“ಹೇಳಿದ್ರೆ ಮನೇನೇ ಕೀಳಿಸ್ತಾರೆ. ಹೆಣ ಹೂತಿದ್ದು ಅವರ ಜಾಗದಾಗೆ.”

ದಿನ ತುಂಬದೆ ಬಂದ ಹೆಣ್ಣು ಕೂಸು. ಬೆಕ್ಕಿನ ಮರಿಯ ಹಾಗೆ ಒಮ್ಮೆ ಅತ್ತು ಸುಮ್ಮನಾಗಿತ್ತು. ಹೂಳೋಣವೆಂದರೆ ಹುಲ್ಲು ಬೆಳೆಯುವ ಬೇಣ ಹೆಗಡೆಯವರದು, ಕಾಡು ಫಾರೆಸ್ಟಿನವರದು. ಕೊನೆಗೆ ಮಾಸ್ತಿ ಆಡನ್ನು ಹೊರಗೆ ಕಟ್ಟಿ, ಮನೆಯೊಳಗೇ ಆ ಮೂಲೆಯಲ್ಲಿ ಗುಂಡಿ ತೋಡಿದ. ಎದೆ ಬತ್ತುವವರೆಗೂ ಹೊನ್ನಿ ಹಾಲನ್ನು ಹಿಂಡಿ ಆ ಮಣ್ಣಿಗೇ ಬಿಟ್ಟಿದ್ದಳು. ಕೂಸಿಗೆ ಹೆಸರೂ ಇಟ್ಟಿರಲಿಲ್ಲ. ನೆಲ ಸಾರಿಸುವಾಗ ಆ ಮೂಲೆ ಬಂದರೆ ಮಾತ್ರ ಅವಳ ಕೈ ಮೆಲ್ಲಗಾಗುತ್ತಿತ್ತು, ಮಲಗಿದವರ ಹೊದಿಕೆ ಸರಿಮಾಡುವ ಹಾಗೆ.

ಹೆಗಡೆಯವರು ಅಂಗಳದ ಅಂಚಿನಲ್ಲೇ ನಿಂತರು. ಆ ಮನೆಯ ಹೊಸಿಲನ್ನು ಅವರು ಎಂದೂ ದಾಟಿದವರಲ್ಲ. “ಹೋಗೋ ಮಾಸ್ತಿ, ಮೂಲೆ ಪೂರಾ ಅಗಿ. ಮೊಳದಷ್ಟು ಆಳ ಬರ್ಲಿ.”

ಮಾಸ್ತಿ ಪಿಕಾಸಿ ಹಿಡಿದು ಬಾಗಿಲಲ್ಲಿ ನಿಂತ. ಹೊನ್ನಿ ಅವನನ್ನು ಸರಿಸಿ ಒಳಹೋದಳು. ಆಡನ್ನು ಬಿಚ್ಚಿ ಹೊರಗೆ ಅಟ್ಟಿದಳು. ಪೆಟ್ಲುಪ್ಪಿನ ಮಣ್ಣಿಗೆ ಅಗೆಯುವ ಮುನ್ನ ನೀರು ತಾಗಬಾರದು. ತಾಗಿದರೆ ಉಪ್ಪು ಕರಗಿ ಪಾತಾಳಕ್ಕಿಳಿಯುತ್ತದೆ, ಮತ್ತೆ ಮೇಲೇಳಲು ವರ್ಷಗಳೇ ಬೇಕು. ಮದುವೆಯಾಗಿ ಬಂದಾಗ ಅತ್ತೆ ಅವಳಿಗೆ ಹೇಳಿದ ಮೊದಲ ಪಾಠ.

ಹೊನ್ನಿ ಕುಡಿಯುವ ನೀರಿನ ಕೊಡವನ್ನೆತ್ತಿ ಆ ಮೂಲೆಗೆ ಬೋರಲು ಹಾಕಿದಳು. ಆಮೇಲೆ ಬಚ್ಚಲ ಹಂಡೆಯ ನೀರು. ಆಮೇಲೆ ಕಲಗಚ್ಚು.

“ಏಯ್ ಬೋಳಿ! ನಿಲ್ಸೇ! ಮಾಸ್ತಿ, ಹಿಡ್ಕೊಳೋ ಅವಳನ್ನ!”

“ಒಡೆಯಾ, ನೀವೇ ಒಳಗೆ ಬಂದು ಹಿಡೀರಿ,” ಅಂದಳು ಹೊನ್ನಿ.

ಹೆಗಡೆಯವರ ಕಾಲು ಹೊಸಿಲ ತನಕ ಬಂದು ಅಲ್ಲೇ ನಿಂತಿತು. “ನಾಳೆ ಜೇಸಿಬಿ ತರ್ಸ್ತೆ. ಮನೆ ಸಮೇತ ಬಗೆಸ್ತೆ.”

ಮಾಸ್ತಿ ಪಿಕಾಸಿಯನ್ನು ಗೋಡೆಗೆ ಒರಗಿಸಿದ. ಉರುಳಿದ್ದ ಖಾಲಿ ಕೊಡವನ್ನು ಹೆಗಲಿಗೇರಿಸಿಕೊಂಡು ಅವರನ್ನು ದಾಟಿ ಹೊರಟ.

“ಎಲ್ಲಿಗೋ ಸೂಳೆಮಗನೆ?”

“ಹಳ್ಳಕ್ರಾ,” ಅಂದ ಮಾಸ್ತಿ, ತಿರುಗಿ ನೋಡದೆ. “ನೀರಿಗೆ.”

ಒಳಗೆ ಕಾಲಡಿಯ ನೆಲ ಕೆಸರಾಗಿ ಮೆತ್ತಗಾಗುತ್ತಲೇ ಹೋಯಿತು. ಭಾರ ಹಾಕಲು ಹೆದರಿ ಹೊನ್ನಿ ಬೆರಳ ತುದಿಯ ಮೇಲೆ ನಿಂತೇ ಇದ್ದಳು.