ಕಿಟಕಿ ಮುಚ್ಚಿದ ಉತ್ಸವ

ನಗರೋತ್ಸವಕ್ಕೆ ಎರಡು ದಿನ ಇರುವಾಗ ಮುಖ್ಯರಸ್ತೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಬೆಳಗ್ಗೆ ಹತ್ತು ಗಂಟೆಗೇ ಕತ್ತಲಾಯಿತು. ಅಂಗಡಿಗಳಿಗೆ ಪರದೆ ಹೊಲಿದುಕೊಡುವ ಸೊಸೆ ಮಷಿನ್ನಿನಿಂದ ತಲೆಯೆತ್ತಿದಳು. ಕಿಟಕಿಯಾಚೆ ಟಾರ್ಪಾಲಿನಷ್ಟು ದಪ್ಪದ ಬಟ್ಟೆಯೊಂದು ಸರಸರನೆ ಇಳಿಯುತ್ತಿತ್ತು.

"ಮೋಡ ಆಯ್ತೇನೇ?" ಎಂದರು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದ ಅತ್ತೆ.

ಅವಳು ಕೆಳಗಿಳಿದು ರಸ್ತೆ ದಾಟಿ ನಿಂತು ನೋಡಿದಳು. ಛಾವಣಿಯಿಂದ ಮೊದಲ ಮಹಡಿಯವರೆಗೆ ಬ್ಯಾನರ್. ಅದರ ತುಂಬ ಬಾಯಿತುಂಬ ನಗುವ ಗಂಡಸಿನ ಮುಖ. ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ 'ಇದು ಎಲ್ಲರ ಹಬ್ಬ, ಎಲ್ಲರೂ ಬನ್ನಿ'. ಮೂರು ಮಹಡಿಗಳ ಒಂದು ಕಿಟಕಿಯೂ ಕಾಣುತ್ತಿರಲಿಲ್ಲ.

ಅತ್ತೆ ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಉತ್ಸವದ ಮೆರವಣಿಗೆಯಲ್ಲಿ ಗಿರಣಿ ಹೆಂಗಸರ ತಂಡದ ಮುಂದೆ ಬಾವುಟ ಹಿಡಿದು ಪ್ರತಿವರ್ಷ ನಡೆದವರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಮಂಚವೇ ಅವರ ಊರಾಗಿತ್ತು. ಮೆರವಣಿಗೆ ಮನೆಯ ಕೆಳಗೇ ಹಾದುಹೋಗುತ್ತದೆಂದು ಮಗ, ಸೊಸೆ ಸೇರಿ ಮಂಚವನ್ನು ಕಿಟಕಿಗೆ ಎಳೆದಿದ್ದರು. ಆ ಒಂದು ದಿನಕ್ಕಾಗಿ ಮುದುಕಿ ತಿಂಗಳಿಂದ ಬೆರಳು ಮಡಚುತ್ತಿದ್ದರು.

ಕಟ್ಟಡದ ಮಾಲೀಕರು ಕೆಳಗಿನ ತಮ್ಮ ಪೇಂಟ್ ಅಂಗಡಿಯಲ್ಲೇ ಇದ್ದರು.

"ನಾಲ್ಕು ದಿನದ ಮಾತಮ್ಮಾ. ಉತ್ಸವ ಸಮಿತಿಯವರು ಕೇಳಿದ್ರು, ಒಪ್ಪಿಕೊಂಡೆ. ಗೋಡೆ ನನ್ನದೇ ತಾನೇ?"

"ಗೋಡೆ ನಿಮ್ಮದು ಸರಿ. ಕಿಟಕಿಯಿಂದ ಬರೋ ಬೆಳಕೂ ನಿಮ್ಮದೇನು?"

"ಟಿವಿಲಿ ನೇರಪ್ರಸಾರ ಇದೆಯಲ್ಲ, ಅಜ್ಜಿಗೆ ಅದನ್ನ ಹಾಕಿಕೊಡಿ," ಎಂದು ಅವರು ಗಿರಾಕಿಯ ಕಡೆ ತಿರುಗಿದರು.

ಅವಳು ಅಲ್ಲಿಂದ ನೇರ ಸಮಿತಿಯ ಕಚೇರಿಗೆ ಹೋದಳು. ಕಾರ್ಯದರ್ಶಿ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಎರಡು ಫೋನುಗಳ ನಡುವೆ ಅವಳ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದ.

"ಹಿರಿಯರಿಗೆ ಮುಂದಿನ ಸಾಲಲ್ಲೇ ಕುರ್ಚಿ ಹಾಕಿದ್ದೀವಿ. ಕರಕೊಂಡು ಬನ್ನಿ."

"ಮೂರು ಮಹಡಿ ಇಳಿಸೋರು ಯಾರು? ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ."

"ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ. ಕ್ಯಾಮೆರಾ ನಿಮ್ಮ ಕಟ್ಟಡದ ಎದುರಿಗೇ ಇರೋದು. ಆ ಬ್ಯಾನರ್ ಮುಟ್ಟೋ ಹಾಗಿಲ್ಲ."

"ಮನೆಯೊಳಗೆ ಇರೋರನ್ನ ಮುಚ್ಚಿಹಾಕಿ, ಎಲ್ಲರೂ ಬನ್ನಿ ಅಂತ ಬರೆಸಿದ್ದೀರಲ್ಲ, ನಿಮಗೆ ಒಂಚೂರೂ ನಾಚಿಕೆ ಇಲ್ವಾ?"

ಅವನು ಉತ್ತರವಾಗಿ ಬಣ್ಣದ ಕರಪತ್ರವೊಂದನ್ನು ಅವಳ ಕೈಗಿತ್ತ. ಅವಳು ಅದನ್ನು ನಾಲ್ಕಾಗಿ ಹರಿದು ಅವನ ಮೇಜಿನ ಮೇಲೇ ಇಟ್ಟು ಬಂದಳು.

ಸಂಜೆ ಗಂಡ ಬಸ್ ಡ್ಯೂಟಿ ಮುಗಿಸಿ ಬಂದಾಗಲೂ ಅವಳ ಮೈ ಉರಿಯುತ್ತಲೇ ಇತ್ತು. "ಊರಿನ ಉಸಾಬರಿ ನಮಗ್ಯಾಕೆ? ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋಣ?" ಎಂದ ಅವನು.

"ಊರಿನ ಉಸಾಬರಿ ಅಲ್ಲ ರೀ. ನಿಮ್ಮಮ್ಮನ ಕಿಟಕಿ!"

"ಬಿಡೇ," ಎಂದರು ಅತ್ತೆ. "ಕಂಡಿದ್ದೇ ತಾನೇ? ಎಷ್ಟು ಸಲ ನೋಡಿಲ್ಲ ನಾನು." ಹಾಗೆಂದು ಗೋಡೆಯ ಕಡೆ ಮುಖ ತಿರುಗಿಸಿದರು. ಬೈದಿದ್ದರೆ, ಅತ್ತಿದ್ದರೆ ಸೊಸೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆ ತಿರುಗಿದ ಬೆನ್ನನ್ನು ಅವಳಿಂದ ನೋಡಲಾಗಲಿಲ್ಲ.

ಉತ್ಸವದ ದಿನ ಗಂಡನಿಗೆ ರಜೆ ಸಿಗಲಿಲ್ಲ. ಮಧ್ಯಾಹ್ನ ಡೋಲಿನ ಸದ್ದು ಹತ್ತಿರವಾಯಿತು. ಕೋಣೆಯಲ್ಲಿ ದೀಪ ಹಾಕಿಕೊಂಡು ಇಬ್ಬರೂ ಕೂತಿದ್ದರು. ಅತ್ತೆ ಕಿವಿಯಲ್ಲೇ ಮೆರವಣಿಗೆ ನೋಡುತ್ತಿದ್ದರು: "ಇವರು ಹಿತ್ತಾಳೆ ಬ್ಯಾಂಡಿನೋರು... ಈಗ ಕುಣಿಯೋ ಮಕ್ಕಳು ಬಂದ್ರು, ಗೆಜ್ಜೆ ಕೇಳು."

ಸೊಸೆ ಎದ್ದಳು. ಗುರುತು ಹಾಕುವ ಸೀಮೆಸುಣ್ಣ, ದೊಡ್ಡ ಕತ್ತರಿ ತಂದಳು. ಅತ್ತೆಯ ದಿಂಬಿನ ಮೇಲೆ ತಾನೂ ತಲೆಯಿಟ್ಟು, ಅಲ್ಲಿಂದ ರಸ್ತೆ ಎಲ್ಲಿ ಕಾಣಬೇಕೆಂದು ಅಂದಾಜು ಮಾಡಿ, ಕಿಟಕಿಯಿಂದ ಕೈಚಾಚಿ ಬಟ್ಟೆಯ ಮೇಲೆ ಗೆರೆ ಎಳೆದಳು. ಕತ್ತರಿಯ ತುದಿ ಚುಚ್ಚಿ ಒಂದೇ ಉಸಿರಿಗೆ ಚೌಕವೊಂದನ್ನು ಕತ್ತರಿಸಿ ತೆಗೆದಳು. ಬಿಸಿಲು ಮಂಚದ ಮೇಲೆ ಬಿದ್ದಿತು. ಗಾಳಿಗೆ ಅಂಚು ಹರಿಯಬಾರದೆಂದು ದಬ್ಬಣಕ್ಕೆ ದಾರ ಪೋಣಿಸಿ, ಮಡಚಿ ಹೊಲಿಯತೊಡಗಿದಳು.

"ಹೊಲಿಗೆ ಆಮೇಲೆ ಹಾಕೇ ಪುಣ್ಯಾತ್ಗಿತ್ತಿ! ತಲೆ ಅಡ್ಡ ಬರ್ತಿದೆ!" ಅತ್ತೆ ಕೂಗಿದರು.

ಕೆಳಗೆ ಜನ ಬೆರಳು ತೋರಿಸಿ ನಗತೊಡಗಿದರು. ಕತ್ತರಿಸಿದ್ದು ಸರಿಯಾಗಿ ನಗುವ ಗಂಡಸಿನ ಮುಂದಿನ ಹಲ್ಲುಗಳ ಜಾಗ. ಅಲ್ಲಿಂದ ಬೆಳ್ಳಿಕೂದಲ ಮುದುಕಿಯೊಬ್ಬಳು ಇಣುಕುತ್ತಿದ್ದಳು. ನಿವೃತ್ತ ಗಿರಣಿ ಕೆಲಸಗಾರರನ್ನು ಹೊತ್ತ ಲಾರಿಯೊಂದು ನಿಧಾನವಾಗಿ ಹಾದುಹೋಗುತ್ತಿತ್ತು. ಅದರೊಳಗಿಂದ ಒಬ್ಬ ಹೆಂಗಸು ಎದ್ದು ನಿಂತು ಕಿರುಚಿದಳು: "ದೊಡ್ಡಕ್ಕಾ! ಅವನ ಹಲ್ಲಿನ ಸಂದೀಲಿ ಸಿಕ್ಕಿಹಾಕ್ಕೊಂಡಿದ್ದೀಯಲ್ಲೇ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಕೆಮ್ಮು ಬರುವವರೆಗೂ ನಕ್ಕರು, ಕೈಬೀಸಿದರು, ಲಾರಿ ತಿರುವು ದಾಟುವವರೆಗೂ ಕತ್ತು ಚಾಚಿದ್ದರು.

ಹತ್ತು ನಿಮಿಷದಲ್ಲಿ ಕಾರ್ಯದರ್ಶಿ ಏದುಸಿರು ಬಿಡುತ್ತ ಬಾಗಿಲಲ್ಲಿದ್ದ. ಹಿಂದೆ ಮಾಲೀಕರು.

"ಉತ್ಸವದ ಮಾನ ಕಳೆದ್ರಿ! ನೇರಪ್ರಸಾರದಲ್ಲಿ ಎಲ್ಲಾ ಕಡೆ ಹೋಯ್ತು. ತಪ್ಪಾಯ್ತು ಅಂತ ಬರೆದು ಸಹಿ ಹಾಕಿ."

"ಎರಡು ದಿನದಿಂದ ಒಂದು ಜೀವಾನ ಕತ್ತಲಲ್ಲಿ ಕೂಡಿಹಾಕಿದ್ರಲ್ಲ, ಅದಕ್ಕೆ ಯಾರು ಬರೆದು ಕೊಡ್ತಾರೆ? ಮೊದಲು ನೀವು ಸಹಿ ಹಾಕಿ, ಆಮೇಲೆ ನಾನು."

"ಬಾಯಿ ಜಾಸ್ತಿಯಾಯ್ತು ಇವಳದು," ಎಂದರು ಮಾಲೀಕರು.

"ಬಾಗಿಲಲ್ಲಿ ಯಾರೇ ಅದು ಗಲಾಟೆ ಮಾಡ್ತಿರೋದು?" ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಕೂರೋದಾದ್ರೆ ಕೂರಿ, ಇಲ್ಲಾಂದ್ರೆ ಹೊರಡಿ. ಹಾಡು ಕೇಳಿಸ್ತಿಲ್ಲ."

ಅಷ್ಟರಲ್ಲಿ ಕೆಳಗಿನ ಮಹಡಿಯ ಟೈಪಿಸ್ಟ್ ಮೆಟ್ಟಿಲು ಹತ್ತಿ ಬಂದಳು. ಗಂಡಸರಿಬ್ಬರನ್ನೂ ಸರಿಸಿ ಒಳಗೆ ತಲೆಹಾಕಿ, "ಅಕ್ಕಾ, ಆ ಕತ್ತರಿ ಸ್ವಲ್ಪ ಕೊಡ್ತೀರಾ?" ಎಂದಳು.

ಮರುವಾರ ಮನೆ ಬಿಡಬೇಕೆಂದು ಮಾಲೀಕರ ನೋಟಿಸು ಬಂತು. ಉಸಾಬರಿ ಬೇಡವೆಂದಿದ್ದ ಗಂಡನೇ ಅದನ್ನು ಹಿಡಿದು ಮನೆಮನೆ ತಿರುಗಿದ. ಇವರು ಹೋದರೆ ನಾವೂ ಹೋಗುತ್ತೇವೆ ಎಂದು ಕಟ್ಟಡದ ಉಳಿದ ಐದೂ ಮನೆಯವರು ಬರೆದುಕೊಟ್ಟರು. ನೋಟಿಸಿನ ಸುದ್ದಿ ಮತ್ತೆ ಬರಲಿಲ್ಲ. ಆದರೆ ಸೋರುವ ನಲ್ಲಿ ರಿಪೇರಿಯೂ ಆಗಲಿಲ್ಲ, ಮಾಲೀಕರು ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾರೆ. ಕ್ಷಮಾಪಣೆ ಬರೆದುಕೊಡಬೇಕೆಂದು ಸಮಿತಿ ಎರಡು ಪತ್ರ ಕಳಿಸಿತು. ಸೊಸೆ ಎರಡಕ್ಕೂ ಉತ್ತರಿಸಲಿಲ್ಲ.

"ಗೆದ್ದೆಯಲ್ಲ, ಇನ್ನೂ ಯಾಕೆ ಸಿಟ್ಟು?" ಎಂದು ಗಂಡ ಒಂದು ದಿನ ಕೇಳಿದ.

"ಗೆದ್ದು ಏನು ಬಂತು? ಅಷ್ಟು ದೊಡ್ಡ ಬಟ್ಟೆ ಕಟ್ಟೋಕೆ ಹತ್ತು ಜನ ನಮ್ಮ ಛಾವಣಿಗೆ ಹತ್ತಿದ್ರು. ನಮ್ಮ ಬಾಗಿಲು ದಾಟಿಕೊಂಡೇ ಹೋದ್ರು. ಒಬ್ಬನಾದ್ರೂ ತಟ್ಟಿ, ಒಳಗೆ ಯಾರಿದ್ದೀರಿ ಅಂತ ಕೇಳಬಾರದಾಗಿತ್ತಾ?"